ವಿಕೇಂದ್ರಿತ ವಿದ್ಯುತ್ ಉತ್ಪಾದನೆ: ಜಾಗದ ಆಯ್ಕೆಯ ಇತಿಹಾಸ

ಸಣ್ಣ ಉತ್ಪಾದನಾ ಘಟಕಗಳನ್ನು ವಿತರಣಾ ಜಾಲದ ಯಾವ ಜಾಗದಲ್ಲಿ, ಎಷ್ಟು ಸಾಮರ್ಥ್ಯದಲ್ಲಿ ಕೂರಿಸಿದರೆ ಲೈನ್ ನಷ್ಟ ಇಳಿದು ವೋಲ್ಟೇಜ್ ಸುಧಾರಿಸುತ್ತದೆ ಎಂಬ ಪ್ರಶ್ನೆಯ ಅಧ್ಯಯನ.

1882ರಲ್ಲಿ ಎಡಿಸನ್ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ ತೆರೆದ ಸ್ಥಾವರ ಊರೊಳಗೇ ಇತ್ತು, ಡಿ.ಸಿ. ವಿದ್ಯುತ್ತನ್ನು ದೂರ ಸಾಗಿಸುವಂತಿರಲಿಲ್ಲ. ಎ.ಸಿ. ಬಂದು ಆ ಕಟ್ಟು ಸಡಿಲಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿ.ಮೀ. ಸಾಗಿ ಕೋಲಾರದ ಚಿನ್ನದ ಗಣಿ ಮುಟ್ಟಿತು. ಮುಂದಿನದು ದೊಡ್ಡ ಸ್ಥಾವರಗಳ ಕಾಲ. ಸಣ್ಣ ಉತ್ಪಾದಕರ ವಿದ್ಯುತ್ತನ್ನೂ ಕಂಪನಿಗಳು ಕೊಳ್ಳಬೇಕೆಂದು ಅಮೆರಿಕದ 'ಪರ್ಪಾ' ಕಾಯ್ದೆ 1978ರಲ್ಲಿ ವಿಧಿಸಿತು.

ಜಾಗದ ಲೆಕ್ಕ ಮಾತ್ರ ಜನರೇಟರಿನಿಂದಲ್ಲ, ಕೆಪಾಸಿಟರಿನಿಂದ ಶುರುವಾಯಿತು. ಲೋಡು ಉದ್ದಕ್ಕೂ ಸಮವಾಗಿ ಹರಡಿದ ಫೀಡರಿನಲ್ಲಿ (ಸಬ್‌ಸ್ಟೇಷನ್ನಿನಿಂದ ಹೊರಡುವ ವಿತರಣಾ ಲೈನಿನಲ್ಲಿ) ರಿಯಾಕ್ಟಿವ್ ಲೋಡಿನ (ಕೆಲಸ ಮಾಡದೆ ಲೈನಿನಲ್ಲಿ ಹಿಂದೆ ಮುಂದೆ ಆಡುವ ಶಕ್ತಿಯ) ಮೂರರಲ್ಲಿ ಎರಡು ಪಾಲಿನ ಕೆಪಾಸಿಟರನ್ನು ಮೂರರಲ್ಲಿ ಎರಡು ಪಾಲು ದೂರದಲ್ಲಿ ಇಟ್ಟರೆ, ರಿಯಾಕ್ಟಿವ್ ಹರಿವಿನ ನಷ್ಟ ಶೇ 89ರಷ್ಟು ತಗ್ಗುತ್ತದೆ. 1956ರಲ್ಲಿ ನೀಗಲ್ ಮತ್ತು ಸ್ಯಾಮ್ಸನ್ ಪ್ರಬಂಧದಿಂದ ಹೆಸರಾದ ಈ ಸೂತ್ರವನ್ನು 2000ದಲ್ಲಿ ಎಚ್. ಎಲ್. ವಿಲ್ಲಿಸ್ ಉತ್ಪಾದನಾ ಘಟಕಗಳಿಗೂ ಅನ್ವಯಿಸಿದರು. ಲೋಡು ಸಮವಾಗಿ ಹರಡಿರದ ಕಡೆ ಸೂತ್ರ ಕೈಕೊಡುತ್ತದೆ. ಹಳ್ಳಿಯ ಫೀಡರುಗಳಲ್ಲಿ ಅದು ಸಮವಾಗಿರುವುದೇ ಅಪರೂಪ.

ಅಷ್ಟರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಪ್ರಯೋಗ ಮುಗಿದಿತ್ತು. ಸಬ್‌ಸ್ಟೇಷನ್ನಿನ ಟ್ರಾನ್ಸ್‌ಫಾರ್ಮರ್ ಬದಲಿಸುವ ಖರ್ಚನ್ನು ಫೀಡರಿನ ಮೇಲಿನ ಸೌರ ಘಟಕ ಮುಂದೂಡಬಲ್ಲದೇ ಎಂದು 1990ರಲ್ಲಿ ಎಂಜಿನಿಯರ್ ಡೇನಿಯಲ್ ಶುಗರ್ ಕೇಳಿದರು. ಉತ್ತರ ಹುಡುಕಲು ಪಿ.ಜಿ. ಆ್ಯಂಡ್ ಇ. ವಿದ್ಯುತ್ ಕಂಪನಿ 1993ರಲ್ಲಿ ಫ್ರೆಸ್ನೊ ಬಳಿಯ ಕೃಷಿ ಪಟ್ಟಣ ಕರ್ಮನ್‌ನಲ್ಲಿ 500 ಕಿಲೋವಾಟ್ ಘಟಕ ಕಟ್ಟಿತು. ಸೂರ್ಯನತ್ತ ತಿರುಗುವ ಫಲಕಗಳಿದ್ದುದರಿಂದ ಬೇಸಿಗೆಯ ಇಳಿಹೊತ್ತಿನ ಲೋಡಿಗೂ ನೆರವು ಸಿಗುತ್ತಿತ್ತು. ನಷ್ಟ, ವೋಲ್ಟೇಜ್, ಟ್ರಾನ್ಸ್‌ಫಾರ್ಮರಿನ ಕಾವು ಎಲ್ಲವನ್ನೂ ಅಳೆದ ವೆಂಗರ್, ಹಾಫ್, ಫಾರ್ಮರ್ ಅವರ ವರದಿಯ ಪ್ರಕಾರ, ಇಂಥ ಸ್ಥಳೀಯ ಲಾಭಗಳನ್ನು ಸೇರಿಸಿದರೆ ಘಟಕದ ಮೌಲ್ಯ ಸುಮಾರು ಇಮ್ಮಡಿಯಾಗುತ್ತದೆ. ನಂತರದ ಸಾಹಿತ್ಯದ ಬಹುಪಾಲು ಕಂಪ್ಯೂಟರಿನಲ್ಲಿ ಹುಟ್ಟಿದ್ದು. ಹೀಗೆ ನೆಲದ ಮೇಲೆ ಅಳೆದ ದಾಖಲೆಗಳು ವಿರಳ.

ಆ ಸಾಹಿತ್ಯದ ಗರಡಿಮನೆ 33 ನೋಡ್‌ಗಳ (ಲೈನುಗಳು ಕೂಡುವ ಬಿಂದುಗಳ) ಒಂದು ಮಾದರಿ ಜಾಲ. ಬರಾನ್ ಮತ್ತು ವು 1989ರಲ್ಲಿ ಇದನ್ನು ಪ್ರಕಟಿಸಿದ್ದು ಬೇರೆ ಉದ್ದೇಶಕ್ಕೆ, ಲೈನುಗಳ ಜೋಡಣೆ ಬದಲಿಸಿ ನಷ್ಟ ತಗ್ಗಿಸುವುದಕ್ಕೆ. 12.66 ಕೆ.ವಿ., 3,715 ಕಿಲೋವಾಟ್ ಲೋಡು. ಆದರೆ ಇದರ ಮೂಲ ನಷ್ಟ ಕೆಲವು ಪ್ರಬಂಧಗಳಲ್ಲಿ ಸುಮಾರು 203 ಕಿಲೋವಾಟ್, ಉಳಿದವುಗಳಲ್ಲಿ 211. ಕಾರಣ 7 ಮತ್ತು 8ನೇ ನೋಡ್‌ಗಳ ನಡುವಿನ ಲೈನು: ಅದರ ರೋಧ ಒಂದು ಪಟ್ಟಿಯಲ್ಲಿ 0.7114 ಓಮ್, ಇನ್ನೊಂದರಲ್ಲಿ 1.7114. ರಿಯಾಕ್ಟೆನ್ಸಿನಲ್ಲೂ ಅಷ್ಟೇ, ಸರಿಯಾಗಿ ಒಂದು ಓಮ್ ವ್ಯತ್ಯಾಸ. ಶೇಕಡಾವಾರು ಉಳಿತಾಯ ಹೋಲಿಸುವವರು ಮೊದಲು ಯಾವ ಪಟ್ಟಿ ಎಂದು ನೋಡಬೇಕು. ನೋಡದೆ ಮಾಡಿದ ಹೋಲಿಕೆಗಳೂ ಇವೆ.

ನೈಜ ಶಕ್ತಿ (ಆ್ಯಕ್ಟಿವ್ ಪವರ್) ಮಾತ್ರ ನೀಡುವ ಒಂದೇ ಘಟಕಕ್ಕೆ 6ನೇ ನೋಡ್ ಉತ್ತಮ ಎಂದು ಆಚಾರ್ಯ, ಮಹತ್, ಮಿತುಲನಂದನ್ 2006ರಲ್ಲಿ ತೋರಿಸಿದರು: ಸುಮಾರು 2.5 ಮೆಗಾವಾಟಿನ ಘಟಕದಿಂದ ನಷ್ಟ 211ರಿಂದ 111 ಕಿಲೋವಾಟಿಗೆ ಇಳಿಯುತ್ತದೆ. ವೋಲ್ಟೇಜ್ ಅತಿ ಕೆಳಗಿಳಿಯುವುದು 18ನೇ ನೋಡ್‌ನಲ್ಲಿ. ನಷ್ಟ ಇಳಿಸಲು ಒಳ್ಳೆಯ ಜಾಗ ಅದಲ್ಲ, ಕವಲೊಡೆಯುವ 6ನೆಯದು. ಸಾಮರ್ಥ್ಯ ಇನ್ನೂ ಹೆಚ್ಚಿಸುತ್ತ ಹೋದರೆ ವಿದ್ಯುತ್ತು ಹಿಂದಕ್ಕೆ ಹರಿದು ನಷ್ಟ ಮತ್ತೆ ಏರುತ್ತದೆ. ಈ ಲೆಕ್ಕ ಒಂದೇ ಗಳಿಗೆಯ ಲೋಡಿನದು. ದಿನವಿಡೀ ಬದಲಾಗುವ ಲೋಡು, ಬಿಸಿಲುಗಳನ್ನು ಸೇರಿಸಿದ ಅಧ್ಯಯನಗಳು ತರುವಾಯ ಬಂದವು. ಬಗೆಬಗೆಯ ಹುಡುಕಾಟ ವಿಧಾನಗಳ ಪಟ್ಟಿ ಉದ್ದವಿದೆ, ಅವುಗಳ ಉತ್ತರಗಳಲ್ಲಿ ವ್ಯತ್ಯಾಸ ಅಲ್ಪ.

ನಿಯಮದ ಬದಲಾವಣೆ ಹೆಚ್ಚು ಮಹತ್ವದ್ದು. ಜಾಲಕ್ಕೆ ಜೋಡಣೆಯ ಐಟ್ರಿಪಲ್‌ಇ 1547 ಮಾನಕ 2003ರಲ್ಲಿ ಸಣ್ಣ ಘಟಕಗಳು ವೋಲ್ಟೇಜ್ ನಿಯಂತ್ರಣಕ್ಕೆ ಕೈಹಾಕಬಾರದೆಂದಿತ್ತು. 2018ರ ಆವೃತ್ತಿ ಆ ಸಾಮರ್ಥ್ಯ ಇರಲೇಬೇಕೆಂದಿತು. ಸೌರ ಘಟಕದ ಇನ್ವರ್ಟರೇ ರಿಯಾಕ್ಟಿವ್ ಶಕ್ತಿ ಕೊಡುವಾಗ ಹಳೆಯ ಜಾಗದ ಲೆಕ್ಕವನ್ನು ಮತ್ತೆ ಹಾಕಬೇಕಾಗುತ್ತದೆ.

ಭಾರತದಲ್ಲಿ 2019ರ ಪಿಎಂ-ಕುಸುಮ್ ಯೋಜನೆಯ ಒಂದು ಅಂಗ 500 ಕಿಲೋವಾಟಿನಿಂದ 2 ಮೆಗಾವಾಟಿನ ಸೌರ ಘಟಕಗಳಿಗೆ ಸಬ್‌ಸ್ಟೇಷನ್ನಿನ 5 ಕಿ.ಮೀ. ಒಳಗಿನ ಜಮೀನಿಗೆ ಆದ್ಯತೆ ಕೊಡುತ್ತದೆ. ಮತ್ತೊಂದು, ಕೃಷಿ ಫೀಡರುಗಳನ್ನೇ ಸೌರೀಕರಿಸಿ ನೀರಾವರಿ ಪಂಪ್‌ಸೆಟ್‌ಗಳಿಗೆ ಹಗಲು ವಿದ್ಯುತ್ತು ಕೊಡುವಂಥದ್ದು. ಇಲ್ಲಿ ಜಾಗವನ್ನು ನಷ್ಟದ ಸೂತ್ರಕ್ಕಿಂತ ಮೊದಲು ಜಮೀನಿನ ಲಭ್ಯತೆ ಗೊತ್ತುಮಾಡುತ್ತದೆ.