ಮಾತ್ರೆಯಿಂದ ಸೂಜಿಗೆ, ಸೂಜಿಯಿಂದ ಮಾತ್ರೆಗೆ: ತೂಕ ಇಳಿಸುವ ಔಷಧದ ಚರಿತ್ರೆ

ತೂಕ ಇಳಿಸಲು ದಿನವೂ ಮಾತ್ರೆ ನುಂಗುವ ರೂಢಿಗೆ ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ. ವಾರಕ್ಕೊಮ್ಮೆ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಳ್ಳುವ ಔಷಧಗಳು ಬಂದದ್ದು ಈಚೆಗೆ. ಮಾತ್ರೆ ಅವುಗಳಿಗಿಂತ ಬಹಳ ಹಳೆಯದು. ಆ ಹಳೆಯ ಮಾತ್ರೆಗಳಲ್ಲಿ ಹೆಚ್ಚಿನವು ತೂಕ ಇಳಿಸಿದ್ದು ನಿಜ. ಆದರೆ ಅದರ ಜೊತೆಗೆ ಕೆಲವರ ಕಣ್ಣು, ಹಲವರ ಹೃದಯ ಮತ್ತು ಶ್ವಾಸಕೋಶವನ್ನೂ ಕೆಡಿಸಿದವು, ಜೀವ ತೆಗೆದದ್ದೂ ಉಂಟು. 2025ರ ಕೊನೆಗೆ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಹೊಸ ಮಾತ್ರೆ ಎಷ್ಟು ಬೇರೆ ಎಂಬುದನ್ನು ಅಳೆಯಬೇಕಾದರೆ ಈ ಹಿನ್ನೆಲೆ ತಿಳಿದಿರಬೇಕು.

ಗ್ರಂಥಿಯ ಸಾರ, ಮದ್ದುಗುಂಡಿನ ಪುಡಿ

1891ರಲ್ಲಿ ಇಂಗ್ಲೆಂಡಿನ ವೈದ್ಯ ಜಾರ್ಜ್ ಮರ್ರೆ, ಥೈರಾಯ್ಡ್ ಕೊರತೆಯಿಂದ ಮೈ ಊದಿಕೊಂಡಿದ್ದ ರೋಗಿಗೆ ಕುರಿಯ ಥೈರಾಯ್ಡ್ ಗ್ರಂಥಿಯ ಸಾರ ಕೊಟ್ಟು ಗುಣಪಡಿಸಿದರು. ಈ ಚಿಕಿತ್ಸೆ ಪಡೆದವರ ತೂಕ ಇಳಿಯುವುದು ಕಂಡುಬಂದಿತು. ಕೆಲವೇ ವರ್ಷಗಳಲ್ಲಿ ಥೈರಾಯ್ಡ್ ಕೊರತೆಯಿಲ್ಲದ, ಬರೀ ದಪ್ಪಗಿದ್ದವರಿಗೂ ಅದೇ ಸಾರವನ್ನು ಮಾತ್ರೆ ಮಾಡಿ ಕೊಡತೊಡಗಿದರು. ಆರೋಗ್ಯವಾಗಿರುವ ದೇಹಕ್ಕೆ ಹೆಚ್ಚುವರಿ ಥೈರಾಯ್ಡ್ ಹಾರ್ಮೋನು ಸೇರಿದರೆ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ.

ಎರಡನೆಯ ಔಷಧದ ಮೂಲ ಮೊದಲ ಮಹಾಯುದ್ಧದ ಮದ್ದುಗುಂಡು ಕಾರ್ಖಾನೆ. ಫ್ರಾನ್ಸಿನಲ್ಲಿ ಸಿಡಿಮದ್ದಿಗೆ ಡೈನೈಟ್ರೋಫಿನಾಲ್ ಎಂಬ ಹಳದಿ ರಾಸಾಯನಿಕವನ್ನು ಬೆರೆಸುತ್ತಿದ್ದರು. ಅದರ ಪುಡಿಯನ್ನು ಉಸಿರಾಡಿದ, ಚರ್ಮಕ್ಕೆ ಹತ್ತಿಸಿಕೊಂಡ ಕಾರ್ಮಿಕರು ಬೆವರಿನಲ್ಲಿ ತೊಯ್ದುಹೋಗುತ್ತಿದ್ದರು, ಜ್ವರ ಬಂದು ತೂಕ ಕಳೆದುಕೊಳ್ಳುತ್ತಿದ್ದರು. ಕೆಲವರು ಸತ್ತರು. ಆಹಾರದಿಂದ ಬಂದ ಶಕ್ತಿಯನ್ನು ದೇಹದ ಕೆಲಸಕ್ಕೆ ಒದಗಿಸುವುದು ಜೀವಕೋಶದೊಳಗಿನ ಮೈಟೋಕಾಂಡ್ರಿಯ. ಡೈನೈಟ್ರೋಫಿನಾಲ್ ಆ ಜೋಡಣೆಯನ್ನು ಕಳಚಿಬಿಡುತ್ತದೆ. ಶಕ್ತಿಯೆಲ್ಲ ಶಾಖವಾಗಿ ಹೊರಗೆ ಹೋಗುತ್ತದೆ.

1933ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಾರಿಸ್ ಟೈಂಟರ್ ಮತ್ತು ವಿಂಡ್ಸರ್ ಕಟಿಂಗ್ ಈ ಗುಣವನ್ನು ಬೊಜ್ಜಿನ ಚಿಕಿತ್ಸೆಗೆ ಬಳಸಬಹುದೆಂದು ಪ್ರಕಟಿಸಿದರು. ಒಂದೆರಡು ವರ್ಷಗಳಲ್ಲೇ ಅಮೆರಿಕದಲ್ಲಿ ಸುಮಾರು ಒಂದು ಲಕ್ಷ ಜನ ಅದನ್ನು ನುಂಗಿದರೆಂಬ ಅಂದಾಜಿದೆ. ವೈದ್ಯರ ಚೀಟಿಯಿಲ್ಲದೆಯೂ ಅದು ಸಿಗುತ್ತಿತ್ತು. ಔಷಧ ಸುರಕ್ಷಿತವೆಂದು ಮಾರಾಟಕ್ಕೆ ಮೊದಲೇ ತೋರಿಸಬೇಕೆಂಬ ನಿಯಮ ಆಗಿನ ಕಾನೂನಿನಲ್ಲಿ ಇರಲಿಲ್ಲ. 1935ರ ಹೊತ್ತಿಗೆ ಮಾತ್ರೆ ತೆಗೆದುಕೊಂಡಿದ್ದ ಯುವತಿಯರ ಕಣ್ಣಿಗೆ ಪೊರೆ ಬರತೊಡಗಿತು. ಪ್ರಮಾಣ ತುಸು ಮೀರಿದರೂ ದೇಹದ ಉಷ್ಣಾಂಶ ಏರುತ್ತಲೇ ಹೋಗಿ ಜನ ಸಾಯುತ್ತಿದ್ದರು. ಅದಕ್ಕೆ ಪ್ರತ್ಯೌಷಧ ಆಗಲೂ ಇರಲಿಲ್ಲ, ಈಗಲೂ ಇಲ್ಲ. 1938ರಲ್ಲಿ ಅಮೆರಿಕದ ಹೊಸ ಆಹಾರ, ಔಷಧ ಮತ್ತು ಪ್ರಸಾಧನ ಕಾಯ್ದೆ ಜಾರಿಗೆ ಬಂದ ಮೇಲೆ ಇದು ಮನುಷ್ಯರ ಬಳಕೆಗೆ ತಕ್ಕದ್ದಲ್ಲವೆಂದು ಘೋಷಿಸಲಾಯಿತು. ಆದರೂ ಕಳ್ಳಮಾರ್ಗದ ಮಾರಾಟ ನಿಂತಿಲ್ಲ. ಬ್ರಿಟನ್ 2023ರಲ್ಲಿ ಇದನ್ನು ನಿಯಂತ್ರಿತ ವಿಷಗಳ ಪಟ್ಟಿಗೆ ಸೇರಿಸಬೇಕಾಯಿತು.

ಬಣ್ಣಬಣ್ಣದ ಮಾತ್ರೆಗಳ ಕಾಲ

ಡೈನೈಟ್ರೋಫಿನಾಲ್ ತೆರವು ಮಾಡಿದ ಜಾಗಕ್ಕೆ ಆಂಫೆಟಮಿನ್ ಬಂದಿತು. 1930ರ ದಶಕದಲ್ಲಿ ಬೆಂಜೆಡ್ರಿನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಈ ಔಷಧ ಮೂಗು ಕಟ್ಟಿದವರಿಗೆ, ಮಂಕು ಕವಿದವರಿಗೆ ಬಳಕೆಯಾಗುತ್ತಿತ್ತು. ಅದನ್ನು ತೆಗೆದುಕೊಂಡವರಿಗೆ ಹಸಿವು ಸಾಯುವುದು ಬೇಗನೆ ಗಮನಕ್ಕೆ ಬಂದಿತು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರಿಗೆ ನಿದ್ದೆಗೆಡಲು ಕೊಟ್ಟ ಔಷಧವೇ ಯುದ್ಧದ ನಂತರ ಗೃಹಿಣಿಯರ ಹಸಿವು ಕೊಲ್ಲುವ ಔಷಧವಾಯಿತು.

1940ರಿಂದ 60ರ ದಶಕದವರೆಗೆ ಅಮೆರಿಕದಲ್ಲಿ ತೂಕ ಇಳಿಸುವುದಕ್ಕೆಂದೇ ಚಿಕಿತ್ಸಾಲಯಗಳು ಹುಟ್ಟಿಕೊಂಡವು. ಅಲ್ಲಿ ಕೊಡುತ್ತಿದ್ದ ಪೊಟ್ಟಣಗಳಿಗೆ ಕಾಮನಬಿಲ್ಲಿನ ಮಾತ್ರೆಗಳೆಂದು ಹೆಸರು ಬಿದ್ದಿತು. ಬೆಳಗ್ಗೆಗೆ ಒಂದು ಬಣ್ಣ, ಮಧ್ಯಾಹ್ನಕ್ಕೆ ಇನ್ನೊಂದು, ರಾತ್ರಿಗೆ ಮತ್ತೊಂದು. ರೋಗಿಗೆ ಇದು ತನಗಾಗಿಯೇ ಹೊಂದಿಸಿದ ಚಿಕಿತ್ಸೆಯಂತೆ ಕಾಣುತ್ತಿತ್ತು. ಒಳಗಿದ್ದದ್ದು ಹಸಿವು ಕೊಲ್ಲಲು ಆಂಫೆಟಮಿನ್, ಕೊಬ್ಬು ಕರಗಿಸಲು ಥೈರಾಯ್ಡ್ ಸಾರ, ಮೂತ್ರ ಹೆಚ್ಚಿಸುವ ಔಷಧ, ಭೇದಿ ಔಷಧ, ಹೃದಯಕ್ಕೆ ಕೊಡುವ ಡಿಜಿಟಾಲಿಸ್. ಇವೆಲ್ಲದರ ತಳಮಳ ತಣಿಸಿ ನಿದ್ದೆ ತರಿಸಲು ಬಾರ್ಬಿಟ್ಯುರೇಟ್. ಮೂತ್ರ ಮತ್ತು ಭೇದಿಯಲ್ಲಿ ಪೊಟ್ಯಾಸಿಯಮ್ ಹರಿದುಹೋದ ದೇಹದಲ್ಲಿ ಡಿಜಿಟಾಲಿಸ್ ಹೃದಯದ ಲಯವನ್ನೇ ಕೆಡಿಸುತ್ತದೆ. ಸಾವುಗಳು ವರದಿಯಾದವು. 1968ರಲ್ಲಿ ಲೈಫ್ ಪತ್ರಿಕೆಯ ವರದಿಗಾರ್ತಿ ಸೂಸನ್ನಾ ಮೆಕ್‌ಬೀ, ಬೊಜ್ಜಿಲ್ಲದಿದ್ದರೂ ಹಲವು ಚಿಕಿತ್ಸಾಲಯಗಳಿಗೆ ಹೋಗಿ ಸಲೀಸಾಗಿ ಮಾತ್ರೆ ಪಡೆದು ಬಂದು ವರದಿ ಬರೆದರು. ಅದೇ ವರ್ಷ ಸೆನೆಟರ್ ಫಿಲಿಪ್ ಹಾರ್ಟ್ ನೇತೃತ್ವದಲ್ಲಿ ಸಂಸತ್ತಿನ ವಿಚಾರಣೆ ನಡೆಯಿತು. 1970ರ ನಿಯಂತ್ರಿತ ಪದಾರ್ಥಗಳ ಕಾಯ್ದೆಯ ನಂತರ ಆಂಫೆಟಮಿನ್ ಮಾರಾಟಕ್ಕೆ ಬಿಗಿಯಾದ ಕಡಿವಾಣ ಬಿದ್ದಿತು.

ಹಿಂತೆಗೆದುಕೊಂಡ ಔಷಧಗಳ ಸಾಲು

1960ರ ದಶಕದಿಂದ ಮುಂದೆ ಹಲವು ದಶಕಗಳದ್ದು ಒಂದೇ ಕಥೆ: ಮಾತ್ರೆ ಬರುತ್ತದೆ, ಲಕ್ಷಾಂತರ ಜನ ನುಂಗುತ್ತಾರೆ, ವರ್ಷಗಳ ನಂತರ ಅಪಾಯ ತಿಳಿಯುತ್ತದೆ. 1965ರಲ್ಲಿ ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ ಮತ್ತು ಪಶ್ಚಿಮ ಜರ್ಮನಿಯಲ್ಲಿ ಬಂದ ಅಮಿನೊರೆಕ್ಸ್ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿಸಿದ್ದರಿಂದ ಆ ದಶಕದ ಕೊನೆಗೆ ಮಾರುಕಟ್ಟೆ ಬಿಟ್ಟಿತು.

ಇವುಗಳಲ್ಲಿ ದೊಡ್ಡ ಹೆಸರು ಫೆನ್-ಫೆನ್. 1959ರಲ್ಲಿ ಒಪ್ಪಿಗೆ ಪಡೆದ ಫೆಂಟರ್ಮಿನ್ ಮತ್ತು 1973ರಲ್ಲಿ ಒಪ್ಪಿಗೆ ಪಡೆದ ಫೆನ್‌ಫ್ಲುರಮಿನ್ ಎಂಬ ಎರಡು ಮಾತ್ರೆಗಳ ಜೋಡಿ ಅದು. ಎರಡನ್ನೂ ಕೂಡಿಸಿ ಕೊಟ್ಟರೆ ಫಲ ಹೆಚ್ಚೆಂದು ಮೈಕೆಲ್ ವೈಂಟ್ರಾಬ್ 1992ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಅದರ ಬಳಕೆ ಹಬ್ಬಿತು. ಈ ಜೋಡಿಗೆ ಜೋಡಿಯಾಗಿ ಸರ್ಕಾರದ ಒಪ್ಪಿಗೆ ಎಂದೂ ಸಿಕ್ಕಿರಲಿಲ್ಲ. 1997ರಲ್ಲಿ ಮೇಯೊ ಕ್ಲಿನಿಕ್‌ನ ವೈದ್ಯರು ಇದನ್ನು ತೆಗೆದುಕೊಂಡಿದ್ದ 24 ಮಹಿಳೆಯರ ಹೃದಯ ಕವಾಟಗಳು ದಪ್ಪಗಾಗಿ ಸೋರುತ್ತಿರುವುದನ್ನು ವರದಿ ಮಾಡಿದರು. ಆ ಸೆಪ್ಟೆಂಬರ್‌ನಲ್ಲೇ ಫೆನ್‌ಫ್ಲುರಮಿನ್ ಮತ್ತು ಅದರ ಸೋದರ ಔಷಧ ಡೆಕ್ಸ್‌ಫೆನ್‌ಫ್ಲುರಮಿನ್ ಅನ್ನು ಹಿಂತೆಗೆದುಕೊಳ್ಳಲಾಯಿತು. ಫೆಂಟರ್ಮಿನ್ ಮಾತ್ರ ಉಳಿದುಕೊಂಡು ಅಮೆರಿಕದಲ್ಲಿ ಅಲ್ಪಾವಧಿಯ ಬಳಕೆಗೆ ಈಗಲೂ ಸಿಗುತ್ತದೆ.

ರಿಮೊನಬಂಟ್ 2006ರಲ್ಲಿ ಯುರೋಪಿನಲ್ಲಿ ಬಂದು, ಖಿನ್ನತೆ ಮತ್ತು ಆತ್ಮಹತ್ಯೆಯ ಯೋಚನೆಗಳು ಹೆಚ್ಚಿದ್ದರಿಂದ 2008ರಲ್ಲಿ ಹೋಯಿತು. ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯ ಹೆಚ್ಚಿಸಿದ ಸಿಬುಟ್ರಮೈನ್ 2010ರಲ್ಲಿ ಯುರೋಪ್ ಮತ್ತು ಅಮೆರಿಕದಿಂದ ಮರೆಯಾಯಿತು. 2011ರಲ್ಲಿ ಭಾರತವೂ ಅದನ್ನು ನಿಷೇಧಿಸಿತು. ಫ್ರಾನ್ಸಿನಲ್ಲಿ ಮಧುಮೇಹದ ಹೆಸರಿನಲ್ಲಿ ಬಂದು ತೂಕ ಇಳಿಸಲು ಬಳಕೆಯಾದ ಮೀಡಿಯಾಟರ್, 1976ರಿಂದ 2009ರವರೆಗೆ ಮಾರುಕಟ್ಟೆಯಲ್ಲಿತ್ತು. ಬ್ರೆಸ್ಟ್ ನಗರದ ಶ್ವಾಸಕೋಶ ತಜ್ಞೆ ಐರೀನ್ ಫ್ರಾಶೋ ಹಟ ಹಿಡಿದು ಅದರ ಹಾನಿಯ ದಾಖಲೆ ಕಲೆಹಾಕಿದ್ದರಿಂದ ಅದು ನಿಂತಿತು. 2012ರಲ್ಲಿ ಬಂದ ಲೋರ್ಕಸೆರಿನ್ ಕ್ಯಾನ್ಸರ್ ಶಂಕೆಯಿಂದ 2020ರಲ್ಲಿ ಹೋಯಿತು. ಈ ಸಾಲಿನಲ್ಲಿ ಬಹುಕಾಲ ಬಾಳಿದ ಒಂದು ಔಷಧ 1999ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಆರ್ಲಿಸ್ಟ್ಯಾಟ್. ಅದು ಮಿದುಳನ್ನು ಮುಟ್ಟದೆ, ತಿಂದ ಜಿಡ್ಡಿನ ಸುಮಾರು ಮೂರನೇ ಒಂದು ಭಾಗ ಕರುಳಿನಲ್ಲಿ ಹೀರಿಕೆಯಾಗದಂತೆ ತಡೆಯುತ್ತದೆ. ಇಳಿಯುವ ತೂಕ ಕಡಿಮೆ, ಎಣ್ಣೆಯಂಥ ಭೇದಿಯ ಕಿರಿಕಿರಿ ಹೆಚ್ಚು.

ಸೂಜಿ ಬಂದದ್ದೇಕೆ

ಇಷ್ಟರಲ್ಲಿ ಮಧುಮೇಹದ ಸಂಶೋಧನೆ ಬೇರೊಂದು ದಾರಿ ತೆರೆದಿತ್ತು. ಊಟ ಮಾಡಿದಾಗ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಇದು ಇನ್ಸುಲಿನ್ ಹೊರಡಿಸುತ್ತದೆ, ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುತ್ತದೆ, ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಸುತ್ತದೆ. 1980ರ ದಶಕದಲ್ಲಿ ಬಾಸ್ಟನ್ನಿನಲ್ಲಿ ಜೋಯೆಲ್ ಹೆಬೆನರ್, ಸ್ವೆಟ್ಲಾನಾ ಮೊಯ್ಸೊವ್ ಹಾಗೂ ಡೆನ್ಮಾರ್ಕಿನಲ್ಲಿ ಯೆನ್ಸ್ ಹೋಲ್ಸ್ಟ್ ಇದರ ಸ್ವರೂಪ ಮತ್ತು ಕೆಲಸವನ್ನು ಬಿಡಿಸಿ ತೋರಿಸಿದರು. ಆದರೆ ಸಹಜ ಹಾರ್ಮೋನು ರಕ್ತದಲ್ಲಿ ಕೆಲವೇ ನಿಮಿಷ ಬಾಳುತ್ತದೆ. 1992ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಜಾನ್ ಎಂಗ್, ಅಮೆರಿಕದ ಮರಳುಗಾಡಿನ ಗಿಲಾ ಮಾನ್‌ಸ್ಟರ್ ಎಂಬ ಹಲ್ಲಿಯ ವಿಷದಲ್ಲಿ ಇದನ್ನೇ ಹೋಲುವ, ಹೆಚ್ಚು ಹೊತ್ತು ಬಾಳುವ ಪದಾರ್ಥವನ್ನು ಗುರುತಿಸಿದರು. ಅದರ ಆಧಾರದ ಮೇಲೆ ತಯಾರಾದ ಎಕ್ಸೆನಟೈಡ್, ದಿನಕ್ಕೆ ಎರಡು ಚುಚ್ಚುಮದ್ದಾಗಿ, 2005ರಲ್ಲಿ ಮಧುಮೇಹಕ್ಕೆ ಬಂದಿತು.

ಇಲ್ಲಿ ಸೂಜಿ ಅನಿವಾರ್ಯವಾಗಿತ್ತು. ಈ ಹಾರ್ಮೋನುಗಳು ಪೆಪ್ಟೈಡ್‌ಗಳು, ಅಂದರೆ ಪ್ರೋಟೀನಿನ ತುಣುಕುಗಳು. ನಾವು ತಿಂದ ಬೇಳೆಯ ಪ್ರೋಟೀನನ್ನು ಅರಗಿಸುವ ಹೊಟ್ಟೆಯ ರಸವೇ ಇವನ್ನೂ ಅರಗಿಸಿಬಿಡುತ್ತದೆ. ಇದೇ ಕಾರಣಕ್ಕೆ 1922ರಿಂದ ಇನ್ಸುಲಿನ್ ಕೂಡ ಬಹುಮಟ್ಟಿಗೆ ಸೂಜಿಗೆ ಕಟ್ಟುಬಿದ್ದಿದೆ.

ಡೆನ್ಮಾರ್ಕಿನ ನೋವೊ ನಾರ್ಡಿಸ್ಕ್ ಕಂಪನಿಯಲ್ಲಿ ಲೊಟ್ಟೆ ಬ್ಯೆರ್ರೆ ಕ್ನುಡ್ಸನ್ ಹಾರ್ಮೋನಿಗೆ ಕೊಬ್ಬಿನಾಮ್ಲದ ಬಾಲ ಜೋಡಿಸಿ, ಅದು ರಕ್ತದ ಆಲ್ಬುಮಿನ್‌ಗೆ ಅಂಟಿಕೊಂಡು ಬಹಳ ಹೊತ್ತು ಉಳಿಯುವಂತೆ ಮಾಡಿದರು. ಹೀಗೆ ಬಂದ ಲಿರಾಗ್ಲುಟೈಡ್, ದಿನಕ್ಕೊಂದು ಚುಚ್ಚುಮದ್ದಾಗಿ, 2014ರಲ್ಲಿ ಅಮೆರಿಕದಲ್ಲಿ ತೂಕ ಇಳಿಸಲು ಒಪ್ಪಿಗೆ ಪಡೆಯಿತು. ಮುಂದೆ ಬಂದ ಸೆಮಾಗ್ಲುಟೈಡ್ ವಾರಕ್ಕೊಂದು ಚುಚ್ಚುಮದ್ದಾಯಿತು. ಬೊಜ್ಜಿಗೆ ಅದಕ್ಕೆ 2021ರಲ್ಲಿ ಒಪ್ಪಿಗೆ ಸಿಕ್ಕಿತು. 68 ವಾರಗಳ ಪ್ರಯೋಗದಲ್ಲಿ ಸರಾಸರಿ ತೂಕ ಶೇ 15ರಷ್ಟು ಇಳಿದಿತ್ತು. ಅಷ್ಟು ಫಲವನ್ನು ಹಿಂದಿನ ಯಾವ ಮಾತ್ರೆಯೂ ಇಂಥ ಪ್ರಯೋಗದಲ್ಲಿ ತೋರಿಸಿರಲಿಲ್ಲ.

ಹೊಟ್ಟೆಯ ಗೋಡೆ ದಾಟಿದ ಮಾತ್ರೆ

ಚುಚ್ಚುಮದ್ದಿನ ತೊಡಕುಗಳು ಎಲ್ಲರಿಗೂ ಗೊತ್ತಿದ್ದವು. ಸೂಜಿಯ ಭಯ, ಚುಚ್ಚುವ ಪೆನ್ನಿನ ಬೆಲೆ, ಕಾರ್ಖಾನೆಯಿಂದ ಮನೆಯವರೆಗೂ ತಂಪಿನಲ್ಲೇ ಸಾಗಿಸಬೇಕಾದ ಕಷ್ಟ. ಇದಕ್ಕೆ ಪರಿಹಾರ ಕೊಟ್ಟದ್ದು ಸ್ನ್ಯಾಕ್ ಎಂದು ಚುಟುಕಾಗಿ ಕರೆಯುವ ಒಂದು ಲವಣ. ಅಮೆರಿಕದ ಎಮಿಸ್ಫಿಯರ್ ಕಂಪನಿ ಇದನ್ನು ರೂಪಿಸಿತ್ತು. ಸೆಮಾಗ್ಲುಟೈಡ್ ಜೊತೆ ಈ ಲವಣವನ್ನು ಸೇರಿಸಿ ಮಾಡಿದ ಮಾತ್ರೆ ಹೊಟ್ಟೆಯ ಗೋಡೆಗೆ ತಾಗಿ ಕರಗುತ್ತದೆ. ಕರಗಿದ ಜಾಗದಲ್ಲಿ ಮಾತ್ರ ಆಮ್ಲ ಕೆಲ ಹೊತ್ತು ತಗ್ಗಿ ಪೆಪ್ಸಿನ್ ಕಿಣ್ವ ಸುಮ್ಮನಾಗುತ್ತದೆ. ಆ ಬಿಡುವಿನಲ್ಲಿ ಔಷಧ ಹೊಟ್ಟೆಯ ಗೋಡೆಯನ್ನೇ ದಾಟಿ ರಕ್ತ ಸೇರುತ್ತದೆ. ಸಾಮಾನ್ಯ ಮಾತ್ರೆಗಳಂತೆ ಕರುಳಿನವರೆಗೆ ಹೋಗುವುದಿಲ್ಲ.

ದಾಟುವ ಪಾಲು ಮಾತ್ರ ಶೇ 1ರ ಆಸುಪಾಸು, ಇಲ್ಲವೇ ಅದಕ್ಕೂ ಕಡಿಮೆ. ಆದ್ದರಿಂದಲೇ ಔಷಧ ಬಹಳ ಬೇಕಾಗುತ್ತದೆ. ಚುಚ್ಚುಮದ್ದಿನಲ್ಲಿ ವಾರಕ್ಕೆ 2.4 ಮಿಲಿಗ್ರಾಂ ಸಾಕು. ಮಾತ್ರೆಯಲ್ಲಿ ದಿನಕ್ಕೆ 25 ಮಿಲಿಗ್ರಾಂ, ಅಂದರೆ ವಾರಕ್ಕೆ 175 ಮಿಲಿಗ್ರಾಂ, ಎಪ್ಪತ್ತು ಪಟ್ಟಿಗೂ ಹೆಚ್ಚು. ನುಂಗುವ ಕ್ರಮವೂ ಕಟ್ಟುನಿಟ್ಟು. ಬೆಳಗ್ಗೆ ಎದ್ದ ಕೂಡಲೇ ಬರಿಹೊಟ್ಟೆಯಲ್ಲಿ, ಸುಮಾರು 120 ಮಿಲಿಲೀಟರ್‌ಗೆ ಮೀರದ ಬರೀ ನೀರಿನಲ್ಲಿ ನುಂಗಬೇಕು. ಆಮೇಲೆ ಅರ್ಧ ಗಂಟೆ ಕಾಫಿ, ತಿಂಡಿ, ಬೇರೆ ಮಾತ್ರೆ ಯಾವುದೂ ಕೂಡದು. ಹೊಟ್ಟೆಯಲ್ಲಿ ಬೇರೇನಾದರೂ ಇದ್ದರೆ ಔಷಧ ರಕ್ತ ಸೇರುವುದು ಇನ್ನೂ ಕಡಿಮೆಯಾಗುತ್ತದೆ.

ಈ ಮಾತ್ರೆ 2019ರಲ್ಲಿ ಅಮೆರಿಕದಲ್ಲಿ ರೈಬೆಲ್ಸಸ್ ಹೆಸರಿನಲ್ಲಿ ಮಧುಮೇಹಕ್ಕೆ ಬಂದಿತು. 2022ರಲ್ಲಿ ಭಾರತಕ್ಕೂ ಬಂದಿತು. ತೂಕ ಇಳಿಸಲು 25 ಮಿಲಿಗ್ರಾಂ ಮಾತ್ರೆ ಕೊಟ್ಟ 64 ವಾರಗಳ ಪ್ರಯೋಗದಲ್ಲಿ ಸರಾಸರಿ ಶೇ 13.6ರಷ್ಟು ಇಳಿಕೆ ಕಂಡಿತು. 2025ರ ಡಿಸೆಂಬರ್ 22ರಂದು ಅಮೆರಿಕದ ಔಷಧ ನಿಯಂತ್ರಕರು ಇದಕ್ಕೆ ಒಪ್ಪಿಗೆ ಕೊಟ್ಟರು. ಜಿಎಲ್‌ಪಿ-1 ವರ್ಗದಲ್ಲಿ ತೂಕ ಇಳಿಸುವುದಕ್ಕೆಂದೇ ಒಪ್ಪಿಗೆ ಪಡೆದ ಮೊದಲ ಮಾತ್ರೆ ಇದು.

ಎರಡನೆಯ ದಾರಿ ಪೆಪ್ಟೈಡನ್ನೇ ಬಿಟ್ಟುಬಿಡುವುದು. ಜಪಾನಿನ ಚುಗಾಯ್ ಕಂಪನಿ ಕಂಡುಹಿಡಿದು, 2018ರಲ್ಲಿ ಎಲಿ ಲಿಲ್ಲಿಗೆ ಹಕ್ಕು ಕೊಟ್ಟ ಆರ್ಫೊರ್ಗ್ಲಿಪ್ರಾನ್ ಒಂದು ಸಣ್ಣ ಅಣು. ಅದು ಹೊಟ್ಟೆಯಲ್ಲಿ ಅರಗದು, ಊಟ-ನೀರಿನ ಕಟ್ಟುಪಾಡೂ ಬೇಡ. 2025ರಲ್ಲಿ ಹೊರಬಂದ 72 ವಾರಗಳ ಪ್ರಯೋಗದಲ್ಲಿ ಅದರ ಅತಿ ಹೆಚ್ಚಿನ ಪ್ರಮಾಣದಲ್ಲಿ ತೂಕ ಸರಾಸರಿ ಶೇ 11ರಿಂದ 12ರಷ್ಟು ಇಳಿಯಿತು. ಇದೇ ಬಗೆಯ ಡನುಗ್ಲಿಪ್ರಾನ್ ಅನ್ನು ಫೈಜರ್ ಕಂಪನಿ 2025ರ ಏಪ್ರಿಲ್‌ನಲ್ಲಿ ಕೈಬಿಟ್ಟಿತು. ಪ್ರಯೋಗದಲ್ಲಿದ್ದ ಒಬ್ಬರ ಯಕೃತ್ತಿಗೆ ಔಷಧದಿಂದ ಹಾನಿಯಾಗಿರಬಹುದೆಂಬ ಶಂಕೆ ಅದಕ್ಕೆ ಕಾರಣ. ಅಪಾಯದ ಸುಳಿವು ಸಿಕ್ಕಾಗ ಔಷಧ ಅಂಗಡಿಗೆ ಬರುವ ಮೊದಲೇ ನಿಂತದ್ದು 1933ಕ್ಕೂ ಇಂದಿಗೂ ಇರುವ ಅಂತರವನ್ನು ತೋರಿಸುತ್ತದೆ.

ಭಾರತದಲ್ಲಿ

ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು ಭಾರತಕ್ಕೆ 2025ರಲ್ಲಿ ಬಂದವು: ಮಾರ್ಚ್‌ನಲ್ಲಿ ಎಲಿ ಲಿಲ್ಲಿಯ ಮೌಂಜಾರೊ, ಜೂನ್‌ನಲ್ಲಿ ನೋವೊ ನಾರ್ಡಿಸ್ಕ್‌ನ ಸೆಮಾಗ್ಲುಟೈಡ್ ಚುಚ್ಚುಮದ್ದು ವೆಗೋವಿ. ಬೆಂಗಳೂರಿನ ಬಯೋಕಾನ್ ತನ್ನ ಲಿರಾಗ್ಲುಟೈಡ್ ಚುಚ್ಚುಮದ್ದಿಗೆ 2024ರಲ್ಲಿ ಬ್ರಿಟನ್ನಿನ ಒಪ್ಪಿಗೆ ಪಡೆದಿತ್ತು. ಸೆಮಾಗ್ಲುಟೈಡ್‌ನ ಭಾರತದ ಪೇಟೆಂಟ್ ಅವಧಿ 2026ರ ಮಾರ್ಚ್‌ನಲ್ಲಿ ಮುಗಿಯಿತು. ಆಮೇಲೆ ದೇಶೀ ಕಂಪನಿಗಳ ಅಗ್ಗದ ಔಷಧಗಳಿಗೆ ದಾರಿ ತೆರೆಯಿತು. ಬೆಲೆ ಇಳಿದಷ್ಟೂ ಚೀಟಿಯಿಲ್ಲದೆ ಕೊಳ್ಳುವ ಆಸೆಯೂ ಹೆಚ್ಚುತ್ತದೆ.

ಹೊಸ ಮಾತ್ರೆಗೂ ಬೇಡದ ಪರಿಣಾಮಗಳಿವೆ. ಓಕರಿಕೆ, ವಾಂತಿ, ಭೇದಿ, ಮಲಬದ್ಧತೆ ಸಾಮಾನ್ಯ. ಮೇದೋಜೀರಕ ಗ್ರಂಥಿಯ ಉರಿಯೂತ ಅಪರೂಪ. ಒಂದು ಬಗೆಯ ಥೈರಾಯ್ಡ್ ಕ್ಯಾನ್ಸರ್ ಮನೆತನದಲ್ಲಿದ್ದವರಿಗೆ, ಗರ್ಭಿಣಿಯರಿಗೆ ಇದನ್ನು ಕೊಡುವುದಿಲ್ಲ. ಪ್ರಮಾಣವನ್ನು ತಿಂಗಳಿಗೊಮ್ಮೆ ಹಂತಹಂತವಾಗಿ ಏರಿಸಬೇಕು. ಸೆಮಾಗ್ಲುಟೈಡ್ ಚುಚ್ಚುಮದ್ದು ನಿಲ್ಲಿಸಿದವರನ್ನು ಗಮನಿಸಿದ ಅಧ್ಯಯನದಲ್ಲಿ, ಇಳಿದ ತೂಕದ ಮೂರನೇ ಎರಡು ಭಾಗ ಒಂದೇ ವರ್ಷದಲ್ಲಿ ಮರಳಿ ಬಂದಿತ್ತು. ಹೀಗಾಗಿ ಇದು ರಕ್ತದೊತ್ತಡದ ಮಾತ್ರೆಯ ಹಾಗೆ ದೀರ್ಘಕಾಲದ ಚಿಕಿತ್ಸೆ. ಮದುವೆ ಸಮಾರಂಭಕ್ಕೆ ಮುಂಚೆ ನಾಲ್ಕು ವಾರ ನುಂಗಿ ಬಿಡುವಂಥದ್ದಲ್ಲ.

ಡೈನೈಟ್ರೋಫಿನಾಲ್‌ನಿಂದ ಫೆನ್-ಫೆನ್‌ವರೆಗೆ ಹಾನಿ ಹಬ್ಬಿದ್ದು, ಪರೀಕ್ಷೆ ಮುಗಿಯುವ ಮುನ್ನ ಮಾತ್ರೆ ಲಕ್ಷಾಂತರ ಜನರ ಕೈ ಸೇರಿದ್ದರಿಂದ. ಇಂದಿನ ಮಾತ್ರೆಗೆ ಆ ಪರೀಕ್ಷೆಯ ಬೆಂಬಲವಿದೆ. ಅದು ಯಾರಿಗೆ ಬೇಕು, ಎಷ್ಟು ಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಮಾತ್ರ ರೋಗಿಯನ್ನು ನೋಡಿದ ವೈದ್ಯರೇ ಹೇಳಬೇಕು. ಅಂಗಡಿಯಲ್ಲಿ ಸಿಕ್ಕಿತೆಂದು, ಪರಿಚಯದವರಿಗೆ ಫಲ ಕೊಟ್ಟಿತೆಂದು ಅದನ್ನು ಯಾರೂ ತಾವಾಗಿ ಶುರುಮಾಡಬಾರದು.