ಶ್ರೀರಂಗಪಟ್ಟಣದ ವಜ್ರ, ಯಾರ್ಕ್‌ಶೈರಿನ ಬಾಗಿಲು

ಇಂಗ್ಲಿಷ್ ಪತ್ತೇದಾರಿ ಕಾದಂಬರಿಯ ಮೊದಲ ಮಹತ್ವದ ಕೃತಿಗಳಲ್ಲಿ ಒಂದಾದ ವಿಲ್ಕಿ ಕಾಲಿನ್ಸ್‌ನ ‘ದಿ ಮೂನ್‌ಸ್ಟೋನ್’ 1868ರಲ್ಲಿ, ಚಾರ್ಲ್ಸ್ ಡಿಕನ್ಸ್ ಸಂಪಾದಿಸುತ್ತಿದ್ದ ‘ಆಲ್ ದಿ ಇಯರ್ ರೌಂಡ್’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಪ್ರಕಟವಾಯಿತು. ಕತೆಯ ಬಹುಭಾಗ ಯಾರ್ಕ್‌ಶೈರಿನ ಸಿರಿವಂತರ ಮನೆಯೊಂದರಲ್ಲಿ ನಡೆದರೂ ಅದರ ಬೀಜವಿರುವುದು 1799ರ ಮೇ 4ರಂದು ಬ್ರಿಟಿಷರಿಗೆ ವಶವಾದ ಟಿಪ್ಪು ಸುಲ್ತಾನನ ಶ್ರೀರಂಗಪಟ್ಟಣದಲ್ಲಿ. ಹಿಂದೆ ಚಂದ್ರದೇವನ ವಿಗ್ರಹದ ಹಣೆಯಲ್ಲಿದ್ದ ಹಳದಿ ವಜ್ರವನ್ನು ಅಲ್ಲಿನ ಆಯುಧಾಗಾರದಿಂದ, ಕಾವಲಿಗಿದ್ದವರನ್ನು ಕೊಂದು, ಹರ್ನ್‌ಕಾಸಲ್ ಎಂಬ ಸೇನಾಧಿಕಾರಿ ಅಪಹರಿಸುತ್ತಾನೆಂಬ ಕಲ್ಪಿತ ಪ್ರಸಂಗದಿಂದ ಕಾದಂಬರಿ ಆರಂಭವಾಗುತ್ತದೆ. ಮುಂದೆ ಆ ವಜ್ರ ಅವನ ಸೋದರ ಸೊಸೆ ರೇಚಲ್‌ಗೆ ಹದಿನೆಂಟನೆಯ ಹುಟ್ಟುಹಬ್ಬದ ಉಡುಗೊರೆಯಾಗಿ ಬಂದು, ಅದೇ ರಾತ್ರಿ ಮಾಯವಾಗುತ್ತದೆ.

ತರ್ಕದಿಂದ ಅಪರಾಧವನ್ನು ಬಿಡಿಸುವ ನಾಯಕನನ್ನು ಅಮೆರಿಕದ ಎಡ್ಗರ್ ಅಲನ್ ಪೋ 1841ರ ಸಣ್ಣಕತೆಯಲ್ಲೇ ಸೃಷ್ಟಿಸಿದ್ದನು. ಆದರೆ ಕಾಲಿನ್ಸ್‌ನ ಸಾರ್ಜೆಂಟ್ ಕಫ್‌ನ ಹಿಂದಿರುವುದು, 1842ರಲ್ಲಿ ಸ್ಥಾಪನೆಯಾದ ಲಂಡನ್ ಪೊಲೀಸ್ ಪತ್ತೇದಾರಿ ವಿಭಾಗದ ಜೊನಾಥನ್ ವಿಚರ್. 1860ರ ರೋಡ್ ಹಿಲ್ ಮನೆಯ ಶಿಶುಹತ್ಯೆಯಲ್ಲಿ, ಕಾಣೆಯಾದ ಒಂದು ರಾತ್ರಿಯುಡುಗೆಯ ಜಾಡು ಹಿಡಿದು ಅವನು ಮನೆಯ ಮಗಳು ಕಾನ್‌ಸ್ಟನ್ಸ್ ಕೆಂಟ್‌ಳನ್ನು ಸಂಶಯಿಸಿದಾಗ ಜನ ಅವನನ್ನೇ ಹಳಿದರು. 1865ರಲ್ಲಿ ಆಕೆ ತಾನಾಗಿ ತಪ್ಪೊಪ್ಪಿಕೊಂಡಳು. ಕಾಲಿನ್ಸ್ ಈ ಪ್ರಕರಣವನ್ನು ತಿರುವುಮುರುವು ಮಾಡಿದನು: ಕಫ್ ಕೂಡ ಮನೆಮಗಳನ್ನೇ ಶಂಕಿಸುತ್ತಾನೆ, ಆದರೆ ಅವನ ಊಹೆ ತಪ್ಪುತ್ತದೆ.

ಊಹೆ ತಪ್ಪಿದರೂ ಅವನ ವಿಧಾನ ಉಳಿಯಿತು. ರೇಚಲ್‌ಳ ಕೋಣೆಯ ಬಾಗಿಲಿಗೆ ಬಳಿದ ಹೊಸ ಬಣ್ಣ ಒಂದೆಡೆ ಒರೆಸಿಹೋಗಿರುವುದನ್ನು ಸ್ಥಳೀಯ ಪೊಲೀಸ್ ಅಧಿಕಾರಿ ಹೆಂಗಸರ ಲಂಗ ತಗುಲಿದ್ದೆಂದು ತಳ್ಳಿಹಾಕಿದರೆ, ಕಫ್ ಆ ಬಣ್ಣ ಒಣಗಲು ಎಷ್ಟು ಗಂಟೆ ಬೇಕೆಂದು ವಿಚಾರಿಸಿ, ಒರೆತ ನಡುರಾತ್ರಿಗೂ ಮೂರು ಗಂಟೆಗೂ ನಡುವೆ ಆಗಿರಬೇಕೆಂದು ಲೆಕ್ಕಹಾಕಿ, ಬಣ್ಣ ಮೆತ್ತಿದ ಬಟ್ಟೆಯನ್ನು ಹುಡುಕತೊಡಗುತ್ತಾನೆ. ಕೊನೆಗೆ ಆ ಬಟ್ಟೆ, ತನಿಖೆಗೆ ಎಲ್ಲರಿಗಿಂತ ಹೆಚ್ಚು ಆಸ್ಥೆ ತೋರಿದ ಫ್ರಾಂಕ್ಲಿನ್ ಬ್ಲೇಕನದೇ ಎಂದು ತಿಳಿಯುತ್ತದೆ. ಲಾಡನಮ್, ಅಂದರೆ ಮದ್ಯಸಾರದಲ್ಲಿ ಕರಗಿಸಿದ ಅಫೀಮಿನ ಔಷಧ, ತನಗರಿವಿಲ್ಲದೆ ಹೊಟ್ಟೆ ಸೇರಿದ ಅಮಲಿನಲ್ಲಿ ಅವನು ವಜ್ರವನ್ನು ತೆಗೆದಿದ್ದನು. ಕತೆಯನ್ನು ಹಲವರು ನ್ಯಾಯಾಲಯದ ಸಾಕ್ಷಿಗಳಂತೆ, ಪ್ರತಿಯೊಬ್ಬರೂ ತಮಗೆ ಗೊತ್ತಿದ್ದಷ್ಟನ್ನೇ ಹೇಳುವುದರಿಂದ, ಅವನ್ನು ತೂಗಿನೋಡುವ ಹೊಣೆ ಓದುಗನ ಮೇಲೆ ಬೀಳುತ್ತದೆ.

ಕವಿ ಟಿ.ಎಸ್. ಎಲಿಯಟ್ ಮುಂದೆ ಈ ಕೃತಿಯನ್ನು ಈ ಪ್ರಕಾರದ ಶ್ರೇಷ್ಠ ಇಂಗ್ಲಿಷ್ ಕಾದಂಬರಿಯೆಂದು ಕೊಂಡಾಡಿದನು. ಭಾರತದಿಂದ ಬಂದ ನಿಧಿಯ ವಸ್ತು ಕಾನನ್ ಡಾಯ್ಲ್‌ನ 1890ರ ‘ದಿ ಸೈನ್ ಆಫ್ ಫೋರ್’ನಲ್ಲಿ ಮರುಕಳಿಸಿತು, ಹಳ್ಳಿಗಾಡಿನ ದೊಡ್ಡ ಮನೆ, ಒಳಗಿನವರಲ್ಲೇ ಒಬ್ಬ ಅಪರಾಧಿ, ಓದುಗನ ಕಣ್ಣೆದುರೇ ಇಟ್ಟ ಸುಳಿವುಗಳು, ಇವು 1920 ಮತ್ತು 1930ರ ದಶಕಗಳ ಅಗಾಥಾ ಕ್ರಿಸ್ಟಿ, ಡೊರೊಥಿ ಸೇಯರ್ಸ್ ಮುಂತಾದವರ ಬರವಣಿಗೆಗೆ ಚೌಕಟ್ಟಾದವು. ಹೀಗೆ ಮನೆಯ ಕಳ್ಳತನವನ್ನು ಬಿಡಿಸುವ ಕಲೆ ಮುಂದುವರಿಯಿತಾದರೂ, ಅದರ ಬೆನ್ನಿಗಿದ್ದ ಕೋಟೆಯ ಲೂಟಿ ಬಹುಮಟ್ಟಿಗೆ ಹಿಂದೆ ಸರಿಯಿತು. ಕಾಲಿನ್ಸ್ ಮಾತ್ರ ಅದನ್ನು ಮರೆತಿರಲಿಲ್ಲ: ಅವನ ಕಾದಂಬರಿಯ ಕೊನೆಯಲ್ಲಿ ವಜ್ರ ಸೇರುವುದು ರೇಚಲ್‌ಳ ಕೈಯನ್ನಲ್ಲ, ಅದನ್ನು ಬೆನ್ನಟ್ಟಿ ಇಂಗ್ಲೆಂಡಿನವರೆಗೂ ಹೋಗಿದ್ದ ಮೂವರು ಬ್ರಾಹ್ಮಣರ ಮೂಲಕ, ಸೋಮನಾಥದ ಚಂದ್ರದೇವನ ಹಣೆಯನ್ನು.