ಊರುಭಂಗ: ಅಂಗಸಾಧಕರ ತೊಡೆಯ ಗಾಯದ ಒಂದು ಐತಿಹಾಸಿಕ ವಿವೇಚನೆ

ಕ್ರಿ. ಶ. 949ರಲ್ಲಿ ಮುದುವೊಳಲಿನಲ್ಲಿ, ಎಂದರೆ ಇಂದಿನ ಮುಧೋಳದಲ್ಲಿ, ಬಳೆಗಾರರ ಮನೆತನದಲ್ಲಿ ಜನಿಸಿದ ರನ್ನಕವಿಯು ತನ್ನ ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ‘ಗದಾಯುದ್ಧ’ವನ್ನು ರಚಿಸಿದನು. ದುರ್ಯೋಧನನ ಊರುಭಂಗವೇ ಆ ಕಥೆಯ ಶಿಖರವೆಂಬುದು ಸರ್ವವಿದಿತ. ತೊಡೆ ಮುರಿದ ಮೇಲೆ ಎಂತಹ ವೀರನಿಗೂ ನಿಲುವಿಲ್ಲ. ಆದರೆ ಗದೆಯ ಪೆಟ್ಟಿಲ್ಲದೆ, ತನ್ನ ವೇಗದಿಂದಲೇ ತನ್ನ ತೊಡೆಯನ್ನು ಹರಿದುಕೊಳ್ಳುವ ಕ್ರೀಡಾಪಟುವಿನ ಸಂಕಟವನ್ನು ನಮ್ಮ ಪರಂಪರೆಯು ಎಷ್ಟರಮಟ್ಟಿಗೆ ಅರಿತಿತ್ತೆಂಬುದು ಇಲ್ಲಿ ವಿಚಾರಣೀಯ.

ಸುಶ್ರುತ ಸಂಹಿತೆಯು ದೇಹದಲ್ಲಿ 107 ಮರ್ಮಗಳನ್ನು ಗುರುತಿಸುತ್ತದೆ. ಮೊಣಕಾಲಿಗೆ ಮೂರು ಅಂಗುಲ ಮೇಲಿರುವ ‘ಆಣಿ’ ಎಂಬ ಸ್ನಾಯುಮರ್ಮಕ್ಕೆ ಪೆಟ್ಟಾದರೆ ಬಾವು ಹೆಚ್ಚಿ ಕಾಲು ಸೆಟೆಯುತ್ತದೆಂದೂ, ತೊಡೆಯ ನಡುವಿನ ‘ಊರ್ವಿ’ಗೆ ಪೆಟ್ಟಾದರೆ ರಕ್ತಕ್ಷಯದಿಂದ ಕಾಲು ಒಣಗುತ್ತದೆಂದೂ ಅದು ಹೇಳುತ್ತದೆ. ಅಲ್ಲಿ ‘ಸ್ನಾಯು’ವೆಂದರೆ ಕಟ್ಟುವ ನಾರು, ಮಾಂಸಖಂಡಕ್ಕೆ ‘ಪೇಶಿ’ಯೆಂದು ಹೆಸರು. ಈ ಜ್ಞಾನ ಸೂಕ್ಷ್ಮವಾದುದು. ಆದರೆ ಮರ್ಮವಿಚಾರದ ದೃಷ್ಟಿ ಮುಖ್ಯವಾಗಿ ಹೊರಗಿನ ಆಘಾತದ ಮೇಲೆಯೇ ನೆಟ್ಟಿದೆ.

ದೇಹಶ್ರಮದ ವಿವೇಚನೆಯನ್ನು ನಾವು ಬೇರೆಡೆ ಅರಸಬೇಕು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದ ಮಲ್ಲವಿನೋದ ಪ್ರಕರಣವು ಮಲ್ಲರನ್ನು ವರ್ಗಗಳಾಗಿ ವಿಂಗಡಿಸಿ, ಭಾರವೆತ್ತುವುದು, ನಡೆಯುವುದು, ಈಜುವುದು, ಕಂಬದ ಮೇಲಿನ ಸಾಧನೆ ಮುಂತಾದ ಶ್ರಮಗಳನ್ನು ಹೇಳುತ್ತದೆ. ಶ್ರಮಕ್ಕೆ ಕ್ರಮವುಂಟೆಂಬ ಅರಿವು ಇಲ್ಲಿ ಸ್ಪಷ್ಟವಾಗಿದೆ.

ಈ ಅರಿವಿನ ಮುಂದಿನ ನೆಲೆ ಗರಡಿಮನೆ. ಜಮಖಂಡಿಯ ಪಟವರ್ಧನರ ಮತ್ತು ಮುಧೋಳದ ಘೋರ್ಪಡೆಯವರ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಆದರೆ ಆ ಊರುಗಳಲ್ಲಿಯೂ ಬೀಳಗಿ, ರಬಕವಿ-ಬನಹಟ್ಟಿಗಳ ಸುತ್ತಿನಲ್ಲಿಯೂ ಜಾತ್ರೆಯ ಕುಸ್ತಿಯಾಗಲಿ, ಕಲ್ಲೆತ್ತುವ ಪಂದ್ಯವಾಗಲಿ ಅಳಿಯಲಿಲ್ಲ. ಹದಗೊಳಿಸಿದ ಮಣ್ಣು, ಎಣ್ಣೆಯ ಅಂಗಮರ್ದನ, ವಸ್ತಾದರ ಕಣ್ಗಾವಲು ಇವು ಪೈಲವಾನನ ರಕ್ಷಾಕವಚಗಳು. ಒಂದು ಕೊರತೆಯನ್ನು ಮಾತ್ರ ಹೇಳಲೇಬೇಕು: ಬೈಠಕ್ಕು ತೊಡೆಯ ಮುಂಭಾಗವನ್ನು ಬಲಪಡಿಸುವಷ್ಟು ಹಿಂಭಾಗವನ್ನು ಬಲಪಡಿಸುವುದಿಲ್ಲ.

ಗಾಯವಾಗುವುದಾದರೋ ಬಹುಮಟ್ಟಿಗೆ ಆ ಹಿಂಭಾಗದಲ್ಲಿಯೇ. ಕುಳಿತಾಗ ಭಾರ ಹೊರುವ ಎಲುಬಿನಿಂದ ಮೊಣಕಾಲಿನ ಕೆಳಗಿನವರೆಗೆ ಅಲ್ಲಿ ಮೂರು ಮಾಂಸಖಂಡಗಳು ಹಬ್ಬಿವೆ. ಓಟದಲ್ಲಿ ಮುಂದೆ ಚಿಮ್ಮಿದ ಕಾಲು ನೆಲ ಮುಟ್ಟುವ ಮುನ್ನ, ಅವು ಹಿಗ್ಗುತ್ತಿರುವಾಗಲೇ ಕಾಲನ್ನು ತಡೆದು ಹಿಡಿಯಬೇಕು. ಆ ಕ್ಷಣದಲ್ಲಿಯೇ ಎಳೆಗಳು ಹರಿಯುವ ಭಯ ಹೆಚ್ಚು. ಕುಸ್ತಿಯಲ್ಲಿ ಎದುರಾಳಿಯು ನೀಳವಾದ ಕಾಲನ್ನು ಬಲವಾಗಿ ಮೇಲೆತ್ತಿದಾಗ ಸ್ನಾಯುರಜ್ಜುವೇ ಎಲುಬಿನಿಂದ ಕಿತ್ತುಬರುವುದೂ ಉಂಟು. ಮೊಣಕಾಲೂರಿ, ಹಿಮ್ಮಡಿಗಳನ್ನು ಸಂಗಡಿಗನು ಹಿಡಿದಿರಲು, ಮೆಲ್ಲನೆ ಮುಂದಕ್ಕೆ ಬಾಗುವ ವ್ಯಾಯಾಮವು ಇಂತಹ ಗಾಯಗಳನ್ನು ಬಹಳವಾಗಿ ತಗ್ಗಿಸುತ್ತದೆಂದು ಡೆನ್ಮಾರ್ಕಿನ 942 ಕಾಲ್ಚೆಂಡಾಟಗಾರರನ್ನು ಕುರಿತು 2011ರಲ್ಲಿ ಪ್ರಕಟವಾದ ಪರೀಕ್ಷಣವು ತೋರಿಸಿತು. ಅದಕ್ಕೆ ಯಂತ್ರ ಬೇಡ, ಹಣ ಬೇಡ. ಗರಡಿಯ ಮಣ್ಣೇ ಸಾಕು.

ಒಮ್ಮೆ ಹರಿದ ತೊಡೆ ಮತ್ತೆ ಹರಿಯುವ ಸಂಭವ ಹೆಚ್ಚು. ಕಣಕ್ಕೆ ಮರಳಿದ ಮೊದಲ ವಾರಗಳಲ್ಲಂತೂ ಅದು ಅತ್ಯಧಿಕ. ನೋವು ಅಡಗಿತೆಂದು ಮುಂದಿನ ಜಾತ್ರೆಗೇ ಕಣಕ್ಕಿಳಿಯುವ ತರುಣನು ಒಂದು ದಿನದ ಬಹುಮಾನಕ್ಕಾಗಿ ವರ್ಷಗಳ ಸಾಧನೆಯನ್ನೇ ಪಣವಾಗಿಡುತ್ತಾನೆ. ದುರ್ಯೋಧನನ ತೊಡೆಯನ್ನು ಮುರಿದುದು ಭೀಮನ ಗದೆ; ಈ ತರುಣನ ತೊಡೆಯನ್ನು ಮುರಿಯುವುದು ಅವನ ಆತುರ. ಆ ಆತುರವನ್ನು ತಡೆಯುವ ಹೊಣೆ ಹಿಂದೆ ವಸ್ತಾದನದಾಗಿತ್ತು. ಇಂದು ಅದು ಕಾಲೇಜಿನ ವ್ಯಾಯಾಮ ಶಿಕ್ಷಕರದೂ ಆಗಿದೆ.